ಮಲೆನಾಡಿನ ಹೊಳೆಗಳ ಮೀನು ಮತ್ತು ನೆಲದ ಬಳಕೆಯ ಚರಿತ್ರೆ

೧. ಪ್ರಸ್ತಾವನೆ

ಮಲೆನಾಡಿನ ಹೊಳೆಗಳಲ್ಲಿ ಮೀನು ಕಡಮೆಯಾಯಿತೆಂಬ ದೂರು ಈಚಿನದಲ್ಲ. ಮದರಾಸು ಸಿವಿಲ್ ಸರ್ವಿಸಿಗೆ ಸೇರಿದ ಹೆನ್ರಿ ಸಲಿವನ್ ಥಾಮಸ್ ಎಂಬ ಅಧಿಕಾರಿ ದಕ್ಷಿಣ ಕನ್ನಡ ಜಿಲ್ಲೆಯ ಮೀನುಗಾರಿಕೆಯನ್ನು ಕುರಿತು ೧೮೭೦ರಲ್ಲಿಯೇ ಒಂದು ವರದಿಯನ್ನು ಬರೆದನು. ೧೮೭೩ರಲ್ಲಿ ಫ್ರಾನ್ಸಿಸ್ ಡೇ ಎಂಬ ವೈದ್ಯ ಹಾಗೂ ಮತ್ಸ್ಯಶಾಸ್ತ್ರಜ್ಞನು ಭಾರತ ಮತ್ತು ಬರ್ಮಾ ದೇಶಗಳ ಸಿಹಿನೀರಿನ ಮೀನುಗಳ ಸ್ಥಿತಿಗತಿಗಳನ್ನು ಸರಕಾರಕ್ಕೆ ನಿವೇದಿಸಿದನು. ಈ ಇಬ್ಬರ ಗಮನವೂ ಬಹುಮಟ್ಟಿಗೆ ಸಣ್ಣ ಕಣ್ಣಿನ ಬಲೆ, ನೀರಿಗೆ ಬೆರೆಸುವ ವಿಷ, ಮರಿಗಳ ನಾಶ, ಇವುಗಳ ಕಡೆಗೆ ಹರಿಯಿತು. ಇಂಥ ಚರ್ಚೆಗಳ ನಂತರ ಬಂದ ೧೮೯೭ರ ಭಾರತೀಯ ಮೀನುಗಾರಿಕಾ ಕಾಯಿದೆಯು ಸಿಡಿಮದ್ದನ್ನೂ ವಿಷವನ್ನೂ ನಿಷೇಧಿಸಿತು. ಬಲೆಯ ಕಣ್ಣಿನ ಅಳತೆ, ಹೊಳೆಗೆ ಅಡ್ಡಲಾಗಿ ಹಾಕುವ ಕಟ್ಟು, ಇವುಗಳ ಬಗೆಗೆ ನಿಯಮ ಮಾಡುವ ಅಧಿಕಾರವನ್ನು ಸರಕಾರಗಳಿಗೆ ಕೊಟ್ಟಿತು. ಅಪರಾಧಿಯನ್ನು ನೀರಿನಲ್ಲಿ ಹುಡುಕಿದರು. ಮೀನು ಹಿಡಿಯುವವನ ಕೈಯಲ್ಲಿ ಕಂಡರು.

ಅದೇ ದಶಕಗಳಲ್ಲಿ ಅದೇ ಹೊಳೆಗಳು ಹುಟ್ಟುವ ಬೆಟ್ಟಗಳ ಮೇಲೆ ಕೊಡಲಿಯ ಕೆಲಸ ಭರದಿಂದ ನಡೆಯುತ್ತಿದ್ದಿತು. ಕಾಡು ಕಡಿದು ಕಾಫಿಯನ್ನು ನೆಟ್ಟರು, ದಿಮ್ಮಿಗಳು ಘಟ್ಟವಿಳಿದುವು. ಈ ಸಂಗತಿಗಳು ಅರಣ್ಯದ ಮತ್ತು ಕಂದಾಯದ ಕಡತಗಳಲ್ಲಿ ಉಳಿದುವು. ಮೀನಿನ ಕಡತಕ್ಕೆ ಬರಲಿಲ್ಲ. ಎರಡು ಕಡತಗಳನ್ನೂ ಒಟ್ಟಿಗಿಟ್ಟು ಓದಿದರೆ, ಹೊಳೆಯ ಮೀನಿನ ಭವಿತವ್ಯವು ನೀರಿನಲ್ಲಿ ನಿರ್ಣಯವಾಗುವಷ್ಟೇ ಮಟ್ಟಿಗೆ ನೆಲದ ಮೇಲೆಯೂ ನಿರ್ಣಯವಾಗುತ್ತದೆಂಬುದು ವಿದಿತವಾಗುತ್ತದೆ. ಈ ಮಾತನ್ನು ಪಶ್ಚಿಮ ಘಟ್ಟದ ಕನ್ನಡ ಸೀಮೆಯ ನಿದರ್ಶನಗಳಿಂದ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨. ಕಾಡಿನ ತೊರೆಯ ವ್ಯವಸ್ಥೆ

ಉಷ್ಣವಲಯದ ಕಾಡಿನೊಳಗೆ ಹರಿಯುವ ಸಣ್ಣ ತೊರೆಯೊಂದನ್ನು ಮೊದಲು ನೋಡೋಣ. ಎರಡು ದಡದ ಮರಗಳ ಕೊಂಬೆಗಳು ಮೇಲೆ ಕೂಡಿಕೊಂಡು ಬಿಸಿಲನ್ನು ತಡೆಯುತ್ತವೆ. ಬಿಸಿಲು ಕಡಮೆಯಾದುದರಿಂದ ನೀರಿನಲ್ಲಿ ಪಾಚಿ ಹೆಚ್ಚು ಬೆಳೆಯದು. ಹಾಗಾದರೆ ಅಲ್ಲಿಯ ಜೀವಿಗಳಿಗೆ ಆಹಾರವೆಲ್ಲಿಯದು? ಅದರ ಬಹುಭಾಗವು ಮೇಲಿನಿಂದ ಬೀಳುತ್ತದೆ. ತರಗೆಲೆ, ಹೂವು, ಹಣ್ಣು, ಮರದಿಂದ ಉದುರುವ ಹುಳುಹುಪ್ಪಟೆ, ಇವೇ ತೊರೆಯ ದವಸ. ಎಲೆಯನ್ನು ಶಿಲೀಂಧ್ರಗಳು ಮೆತ್ತಗೆ ಮಾಡುತ್ತವೆ. ನೀರಿನ ಕೀಟಗಳ ಮರಿಗಳು ಅದನ್ನು ಕತ್ತರಿಸಿ ತಿನ್ನುತ್ತವೆ. ಆ ಮರಿಗಳನ್ನು ಮೀನು ತಿನ್ನುತ್ತದೆ. ನಮ್ಮ ನಾಡಿನಲ್ಲಿ ದೇವರ ಮೀನೆಂದು ಪ್ರಸಿದ್ಧವಾದ ಮಹಶೀರ್ ಮೀನು ದಡದ ಮರಗಳಿಂದ ಬೀಳುವ ಹಣ್ಣುಗಳನ್ನೂ ನುಂಗುತ್ತದೆ. ಹೀಗೆ ತೊರೆಯ ಮೀನು ಒಂದರ್ಥದಲ್ಲಿ ಕಾಡಿನ ಪ್ರಾಣಿಯೇ ಆಗಿದೆ.

ಎರಡನೆಯದಾಗಿ, ನೆರಳು ನೀರನ್ನು ತಂಪಾಗಿಡುತ್ತದೆ. ನೀರು ಕಾದಂತೆ ಅದರಲ್ಲಿ ಕರಗಿರಬಲ್ಲ ಆಮ್ಲಜನಕ ಕಡಮೆಯಾಗುತ್ತದೆ. ಸಮುದ್ರಮಟ್ಟದಲ್ಲಿ ೨೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರು ಸಿಹಿನೀರಿನಲ್ಲಿ ಸುಮಾರು ೯ ಮಿಲಿಗ್ರಾಂ ಆಮ್ಲಜನಕ ಕರಗಿರಬಹುದಾದರೆ, ೩೦ ಡಿಗ್ರಿಯಲ್ಲಿ ಸುಮಾರು ೭.೫ ಮಿಲಿಗ್ರಾಂ ಮಾತ್ರ ಕರಗುತ್ತದೆ. ನೀರು ಕಾದಾಗ ಮೀನಿನ ದೇಹಕ್ಕೆ ಬೇಕಾಗುವ ಆಮ್ಲಜನಕವಾದರೋ ಹೆಚ್ಚುತ್ತದೆ. ಆದಾಯ ಇಳಿದು ವೆಚ್ಚ ಏರುವ ಸಂಸಾರದ ಪಾಡು ಮೀನಿನದಾಗುತ್ತದೆ.

ಮೂರನೆಯದು ತಳದ ಕಲ್ಲು. ಬಿರುಸಾಗಿ ಹರಿಯುವ ತೊರೆಗಳ ಜೀವಿಗಳನ್ನು ಕುರಿತು ಸುಂದರಲಾಲ್ ಹೋರಾ ಅವರು ೧೯೩೦ರಲ್ಲಿ ಪ್ರಕಟಿಸಿದ ಅಧ್ಯಯನವು ಪ್ರಸಿದ್ಧವಾದುದು. ಹೋರಾ ಅವರು ಮುಂದೆ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾದರು. ಸೆಳವಿನಲ್ಲಿ ಬಾಳುವ ಮೀನುಗಳು ಕಲ್ಲನ್ನು ಅಪ್ಪಿಕೊಳ್ಳಲು ಪಡೆದಿರುವ ಅಂಗಗಳನ್ನು ಅವರು ವಿವರಿಸಿದರು. ಗಾರಾ ಎಂಬ ಕುಲದ ಮೀನುಗಳಿಗೆ ಬಾಯಿಯ ಹಿಂದೆ, ಗದ್ದದ ಮೇಲೆ, ಬಿಲ್ಲೆಯಂಥ ಅಂಟುವ ಅಂಗವಿದೆ. ಪಶ್ಚಿಮ ಘಟ್ಟದ ಭವಾನಿಯಾ ಎಂಬ ಪುಟ್ಟ ಮೀನಿನ ಈಜುರೆಕ್ಕೆಗಳು ಎರಡು ಪಕ್ಕಗಳಲ್ಲಿಯೂ ಬೀಸಣಿಗೆಯಂತೆ ಹರಡಿಕೊಂಡಿವೆ. ಇಂಥ ಮೀನುಗಳಿಗೆ ಬೇಕಾದುದು ನೀರು ಮಾತ್ರವಲ್ಲ, ಮಣ್ಣು ಮೆತ್ತಿಕೊಳ್ಳದ ಕಲ್ಲು. ಕಲ್ಲುಗಳ ನಡುವಣ ಸಂದುಗಳಲ್ಲಿ ಮೊಟ್ಟೆ ಉಳಿಯುತ್ತದೆ, ಮರಿ ಅಡಗುತ್ತದೆ, ಕೀಟ ಬೆಳೆಯುತ್ತದೆ. ಆ ಸಂದು ಹೂಳಿನಿಂದ ಮುಚ್ಚಿದರೆ, ಹೊಳೆ ಹರಿಯುತ್ತಿದ್ದರೂ ಮನೆ ಹೋದಂತೆಯೇ ಸರಿ.

ಪಶ್ಚಿಮ ಘಟ್ಟದ ಸಿಹಿನೀರಿನ ಜೀವಿಗಳನ್ನು ಕುರಿತು ೨೦೧೧ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಸಮೀಕ್ಷೆಯೊಂದು ಸುಮಾರು ೨೯೦ ಜಾತಿಯ ಮೀನುಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜಾತಿಗಳು ಜಗತ್ತಿನ ಬೇರೆಲ್ಲಿಯೂ ಇಲ್ಲದವು. ಇಲ್ಲಿಯ ತೊರೆಯೊಂದರಲ್ಲಿ ಅಳಿದುದನ್ನು ಬೇರೆ ದೇಶದಿಂದ ತಂದು ಬಿಡುವಂತಿಲ್ಲವೆಂಬುದು ಇದರ ತಾತ್ಪರ್ಯ.

೩. ಕಾಫಿಯ ತೋಟ

ಬಾಬಾಬುಡನ್ ಗಿರಿಯ ಕಾಫಿಯ ಐತಿಹ್ಯ ಎಲ್ಲರೂ ಬಲ್ಲುದು. ಆದರೆ ಹೊಳೆಗಳ ಮಟ್ಟಿಗೆ ನಿರ್ಣಾಯಕವಾದುದು ಹತ್ತೊಂಬತ್ತನೆಯ ಶತಮಾನದ ದೊಡ್ಡ ತೋಟಗಳ ವಿಸ್ತರಣೆ. ೧೮೩೪ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. ೧೮೫೪ರಲ್ಲಿ ಮಡಿಕೇರಿಯ ಬಳಿ ಐರೋಪ್ಯರ ಮೊದಲ ಕಾಫಿ ತೋಟ ಆರಂಭವಾಯಿತು. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಅನೇಕ ತೋಟಗಾರರು ಕಾಡನ್ನು ಬುಡಸಹಿತ ತೆಗೆದು ಬಯಲು ಬಿಸಿಲಿನಲ್ಲಿ ಗಿಡ ನೆಟ್ಟರು. ೧೮೬೦ರ ದಶಕದಲ್ಲಿ ಕಾಂಡಕೊರಕ ಹುಳು ಆ ತೋಟಗಳನ್ನು ಹಾಳುಮಾಡಿತು. ಮದರಾಸು ಸರಕಾರದ ಆಜ್ಞೆಯಂತೆ ಇದನ್ನು ಪರೀಕ್ಷಿಸಿದ ಡಾಕ್ಟರ್ ಜಾರ್ಜ್ ಬಿಡೀ ೧೮೬೯ರ ತನ್ನ ವರದಿಯಲ್ಲಿ ನೆರಳಿನ ಮರಗಳ ಅಗತ್ಯವನ್ನು ಎತ್ತಿ ಹೇಳಿದನು. ಕ್ರಮೇಣ ಕೊಡಗು, ಚಿಕ್ಕಮಗಳೂರು, ಹಾಸನ ಸೀಮೆಗಳಲ್ಲಿ ನೆರಳಿನ ಕೆಳಗಣ ಕಾಫಿಯೇ ರೂಢಿಯಾಯಿತು.

ಈ ನಿರ್ಧಾರವನ್ನು ಕೈಗೊಂಡುದು ಗಿಡದ ಹಿತಕ್ಕಾಗಿ. ಆದರೆ ಅದರಿಂದ ಹೊಳೆಗೂ ಹಿತವಾಯಿತು. ನೆರಳಿನ ಮರವಿರುವ ತೋಟದಲ್ಲಿ ಮಳೆಯ ಹನಿ ನೇರವಾಗಿ ಮಣ್ಣಿಗೆ ಬಡಿಯದು. ತರಗೆಲೆಯ ಹೊದಿಕೆ ಮಣ್ಣನ್ನು ಹಿಡಿದಿಡುತ್ತದೆ. ತೊರೆಗೆ ಎಲೆಯೂ ಬೀಳುತ್ತದೆ. ಬಗೆಬಗೆಯ ಕಾಡುಮರಗಳ ನೆರಳಿನಲ್ಲಿ ಬೆಳೆದ ಕಾಫಿ ತೋಟವು ಕಾಡಲ್ಲವಾದರೂ ಬಯಲೂ ಅಲ್ಲ. ಆದುದರಿಂದ ಕಾಫಿ ಬಂದುದರಿಂದಲೇ ಹೊಳೆ ಕೆಟ್ಟಿತೆಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಯುಕ್ತವಲ್ಲ. ಯಾವ ಕಾಲದ, ಎಂಥ ನೆರಳಿನ ಕಾಫಿ ಎಂದು ಕೇಳಬೇಕಾಗುತ್ತದೆ. ಈಚಿನ ದಶಕಗಳಲ್ಲಿ ಅನೇಕ ತೋಟಗಳಲ್ಲಿ ಕಾಡುಮರಗಳ ಸ್ಥಾನವನ್ನು ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಆಕ್ರಮಿಸಿದೆ. ಅದು ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಮಾರಾಟಕ್ಕೂ ಸುಲಭ. ಆದರೆ ಹತ್ತಾರು ಬಗೆಯ ಎಲೆ, ಹೂವು, ಹಣ್ಣು ಬೀಳುತ್ತಿದ್ದ ತೊರೆಗೆ ಈಗ ಬಹುಪಾಲು ಒಂದೇ ಬಗೆಯ ಎಲೆ ಬೀಳುತ್ತದೆ.

ಕಾಫಿಯಿಂದ ಹೊಳೆಗೆ ಒದಗುವ ಇನ್ನೆರಡು ಕಷ್ಟಗಳು ಋತುಮಾನಕ್ಕೆ ಸಂಬಂಧಿಸಿದವು. ಹಣ್ಣಿನ ಸಿಪ್ಪೆಯನ್ನು ಯಂತ್ರದಲ್ಲಿ ಸುಲಿದು ಬೀಜವನ್ನು ತೊಳೆಯುವ ಕೆಲಸ ಹೆಚ್ಚಾಗಿ ನಡೆಯುವುದು ಡಿಸೆಂಬರಿನಿಂದ ಫೆಬ್ರವರಿಯ ವರೆಗೆ. ತೊಳೆದ ನೀರಿನಲ್ಲಿ ಸಕ್ಕರೆಯಂಥ ಪದಾರ್ಥಗಳೂ ಲೋಳೆಯೂ ತುಂಬಿರುತ್ತವೆ. ಅದನ್ನು ಸಂಸ್ಕರಿಸದೆ ಹಳ್ಳಕ್ಕೆ ಬಿಟ್ಟರೆ ಅದು ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಫೆಬ್ರವರಿ ಮಾರ್ಚಿಯಲ್ಲಿ ರೊಬಸ್ಟಾ ಗಿಡಗಳಿಗೆ ಹೂವು ಬಿಡಿಸುವುದಕ್ಕಾಗಿ ಹಳ್ಳಗಳಿಂದ ನೀರನ್ನೆತ್ತಿ ತುಂತುರು ಮಳೆಯಂತೆ ಚಿಮುಕಿಸುತ್ತಾರೆ. ಹೊಳೆ ಅತ್ಯಂತ ಕೃಶವಾಗಿ ಮಡುಗಳಾಗಿ ಒಡೆದುಕೊಳ್ಳುವ ತಿಂಗಳುಗಳು ಇವೇ. ಮಳೆಗಾಲದಲ್ಲಿ ಹೊಳೆ ಸಹಿಸಬಲ್ಲ ಹೊರೆಯನ್ನು ಬೇಸಗೆಯಲ್ಲಿ ಸಹಿಸಲಾರದು. ಉಷ್ಣವಲಯದ ಹೊಳೆಗೆ ಮಾಡಿದ ಅಪಕಾರವನ್ನು ಅಳೆಯುವಾಗ ಎಷ್ಟು ಎಂಬ ಪ್ರಶ್ನೆಗಿಂತ ಯಾವಾಗ ಎಂಬ ಪ್ರಶ್ನೆಯೇ ಎಷ್ಟೋ ವೇಳೆ ಮುಖ್ಯವಾಗುತ್ತದೆ.

೪. ಅಡಕೆ ಮತ್ತು ಗದ್ದೆ

ಅಡಕೆಯ ತೋಟ ಕಾಫಿಗಿಂತ ಬಹಳ ಪ್ರಾಚೀನವಾದುದು. ಬೆಟ್ಟಗಳ ನಡುವಣ ಕಣಿವೆಯಲ್ಲಿ ನೀರಿನ ಪಸೆಯಿರುವೆಡೆ ತೋಟ, ಮೇಲಣ ಇಳಿಜಾರಿನಲ್ಲಿ ತೋಟಕ್ಕೆ ಸೊಪ್ಪು ತರಗುಗಳನ್ನು ಒದಗಿಸುವ ಸೊಪ್ಪಿನ ಬೆಟ್ಟ, ಇದು ಉತ್ತರ ಕನ್ನಡ ಮತ್ತು ಮಲೆನಾಡಿನ ಹಳೆಯ ಏರ್ಪಾಡು. ಬೆಟ್ಟದಲ್ಲಿ ಮರಗಳುಳಿದಿರುವ ತನಕ ಈ ಏರ್ಪಾಡು ತೊರೆಯನ್ನು ಕಾಪಾಡಿತು. ಸೊಪ್ಪನ್ನು ಮಿತಿಮೀರಿ ಕಡಿದು ತರಗನ್ನೂ ಗುಡಿಸಿದೆಡೆ ಬೆಟ್ಟ ಬೋಳಾಗಿ, ಮಳೆಯ ನೀರು ಇಂಗದೆ ಮಣ್ಣನ್ನು ಹೊತ್ತುಕೊಂಡು ಇಳಿಯಿತು.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಡಕೆಯ ತೋಟಕ್ಕೆ ಒಂದು ಹೊಸ ಪದಾರ್ಥ ಪ್ರವೇಶಿಸಿತು. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಕುರಿತು ೧೯೧೦ರಲ್ಲಿ ತಮ್ಮ ಸಂಶೋಧನೆಯನ್ನು ಪ್ರಕಟಿಸಿ, ಮೈಲುತುತ್ತ ಮತ್ತು ಸುಣ್ಣಗಳ ಮಿಶ್ರಣವಾದ ಬೋರ್ಡೋ ದ್ರಾವಣವನ್ನು ಪ್ರಚಾರಕ್ಕೆ ತಂದರು. ಸಾವಿರಾರು ಸಂಸಾರಗಳ ಜೀವನಾಧಾರವನ್ನು ಉಳಿಸಿದ ಈ ಉಪಾಯಕ್ಕೆ ಮಲೆನಾಡು ಇಂದಿಗೂ ಋಣಿಯಾಗಿದೆ. ಆದರೆ ಮೈಲುತುತ್ತದಲ್ಲಿರುವ ತಾಮ್ರವು ಜಲಚರಗಳಿಗೆ ವಿಷ. ಸುಣ್ಣದ ಅಂಶ ಕಡಮೆಯಿರುವ ಮೆದುನೀರಿನಲ್ಲಿ ಅದರ ವಿಷ ಇನ್ನೂ ಪ್ರಬಲವಾಗುತ್ತದೆ. ಘಟ್ಟದ ತೊರೆಗಳ ನೀರಾದರೋ ಸಾಮಾನ್ಯವಾಗಿ ಮೆದುವಾದುದು. ದೊಡ್ಡ ಹೊಳೆಯಲ್ಲಿ ಮಳೆಗಾಲದ ಪ್ರವಾಹವು ತಾಮ್ರವನ್ನು ತೆಳುವಾಗಿಸಿ ಒಯ್ಯುತ್ತದೆಂಬುದು ನಿಜ. ಆದರೆ ತೋಟದ ಅಂಚಿನ ಚಿಕ್ಕ ಹಳ್ಳಗಳಲ್ಲಿ ಅಂಥ ರಕ್ಷಣೆಯಿಲ್ಲ.

ಆ ಚಿಕ್ಕ ಹಳ್ಳಗಳ ಮಹತ್ವವೇನೆಂಬುದನ್ನು ಮಲೆನಾಡಿನ ಜನ ಬಹಳ ಹಿಂದೆಯೇ ಬಲ್ಲರು. ಮುಂಗಾರಿನ ಮೊದಲ ನೆರೆ ಬಂದಾಗ ಅನೇಕ ಜಾತಿಯ ಮೀನುಗಳು ಮೊಟ್ಟೆಯಿಡುವುದಕ್ಕಾಗಿ ದೊಡ್ಡ ಹೊಳೆಯಿಂದ ಕಿರುಹಳ್ಳಗಳಿಗೂ ಅಲ್ಲಿಂದ ಗದ್ದೆಗಳಿಗೂ ಏರುತ್ತವೆ. ಇದನ್ನೇ ‘ಹತ್ತುಮೀನು’ ಎನ್ನುವುದು. ಬೇಸಗೆಯಲ್ಲಿ ಒಣಗಿ ಬಿದ್ದಿರುವ ಹಳ್ಳ ಜೂನ್ ತಿಂಗಳಿನಲ್ಲಿ ಬಾಣಂತಿಮನೆಯಾಗುತ್ತದೆ. ತೋಟಕ್ಕೆ ಮದ್ದು ಹೊಡೆಯುವುದೂ ಮುಂಗಾರಿನ ಆಸುಪಾಸಿನಲ್ಲಿಯೇ. ಇದರ ಮೇಲೆ, ಗದ್ದೆಯನ್ನು ಮುಚ್ಚಿ ಅಡಕೆ ನೆಟ್ಟಾಗ, ಶುಂಠಿಗಾಗಿ ಬಸಿಗಾಲುವೆ ತೋಡಿದಾಗ, ರಸ್ತೆಯ ಕೆಳಗಣ ಮೋರಿಯನ್ನು ಎತ್ತರದಲ್ಲಿರಿಸಿದಾಗ, ಏರುವ ಮೀನಿಗೆ ದಾರಿ ತಪ್ಪುತ್ತದೆ. ಹೊಳೆಯಲ್ಲಿ ಯಾರೂ ಬಲೆ ಬೀಸದಿದ್ದರೂ ಮುಂದಿನ ತಲೆಮಾರು ಹುಟ್ಟುವುದಿಲ್ಲ.

೫. ಗಣಿ ಮತ್ತು ಅಣೆಕಟ್ಟು

ತುಂಗೆ, ಭದ್ರೆ, ನೇತ್ರಾವತಿ ಈ ಮೂರು ನದಿಗಳೂ ಗಂಗಾಮೂಲದ ಪರ್ವತ ಪ್ರದೇಶದಲ್ಲಿ ಹುಟ್ಟುತ್ತವೆ. ಭದ್ರೆಯ ಮೇಲ್ಭಾಗದಲ್ಲಿ, ಕುದುರೆಮುಖದ ಹುಲ್ಲುಗಾವಲು ಮತ್ತು ಶೋಲಾ ಕಾಡುಗಳ ನಡುವೆ, ಕಬ್ಬಿಣದ ಅದುರನ್ನು ತೆಗೆಯಲು ೧೯೭೬ರಲ್ಲಿ ಒಂದು ಸರಕಾರಿ ಸಂಸ್ಥೆ ಸ್ಥಾಪಿತವಾಯಿತು. ಸರ್ವೋಚ್ಚ ನ್ಯಾಯಾಲಯದ ೨೦೦೨ರ ತೀರ್ಪಿನಂತೆ ೨೦೦೫ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಗಣಿ ಆವರಿಸಿದ್ದ ನೆಲ ನದಿಯ ಜಲಾನಯನ ಪ್ರದೇಶದ ಅಲ್ಪಭಾಗ ಮಾತ್ರ. ಆದರೆ ಭದ್ರೆ ಹೊತ್ತು ತಂದ ಹೂಳಿನ ದೊಡ್ಡ ಪಾಲು ಆ ಅಲ್ಪಭಾಗದಿಂದಲೇ ಬರುತ್ತಿದ್ದಿತೆಂದು ಅಲ್ಲಿ ನಡೆದ ಅಳತೆಗಳು ತೋರಿಸಿದುವು. ಭಾರಿ ಮಳೆ ಸುರಿಯುವ ಕಡಿದಾದ ಬೆಟ್ಟದ ಮೇಲೆ ತೆರೆದ ಗಾಯಕ್ಕೆ ಅದರ ವಿಸ್ತೀರ್ಣವನ್ನು ಮೀರಿದ ಪರಿಣಾಮವುಂಟು. ಜಲಾನಯನದಲ್ಲಿ ಶೇಕಡ ಎಷ್ಟು ಕಾಡು ಉಳಿದಿದೆ ಎಂದು ಕೇಳಿ ಸಮಾಧಾನ ಪಡುವವರು ಇದನ್ನು ಗಮನಿಸಬೇಕು. ಎಲ್ಲಿಯ ನೆಲ ತೆರೆದುಕೊಂಡಿದೆ ಎಂಬುದೂ ಅಷ್ಟೇ ಮುಖ್ಯ.

ನೆಲದ ಬಳಕೆಯ ಬದಲಾವಣೆಗಳಲ್ಲಿ ಅತ್ಯಂತ ಸಮಗ್ರವಾದುದು ನೆಲವೇ ನೀರಿನೊಳಗೆ ಹೋಗುವುದು. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾದಾಗ ಶರಾವತಿಯ ಕಣಿವೆಯ ಗದ್ದೆ, ತೋಟ, ಕಾಡುಗಳೊಂದಿಗೆ ಹರಿವ ನೀರಿನ ನೆಲೆಗಳೂ ಮುಳುಗಿದುವು. ಕಲ್ಲಿಗೆ ಅಂಟಿ ಬಾಳುವ ಮೀನಿಗೆ ನಿಂತ ನೀರು ಪರದೇಶ. ೧೯೫೨ರಲ್ಲಿ ಭಾರತಕ್ಕೆ ತಂದ ಆಫ್ರಿಕಾ ಮೂಲದ ಟಿಲಾಪಿಯಾದಂಥ ಮೀನಿಗಾದರೋ ಬೆಚ್ಚನೆಯ ನಿಂತ ನೀರು ಅನುಕೂಲ.

ಶರಾವತಿಯ ಮೇಲ್ಭಾಗದ ಉಪನದಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ನಡೆಸಿ ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನವು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದುದು. ಜಲಾನಯನದಲ್ಲಿ ನಿತ್ಯಹರಿದ್ವರ್ಣ ಕಾಡು ಹೆಚ್ಚಾಗಿರುವ ತೊರೆಗಳಲ್ಲಿ ಪಶ್ಚಿಮ ಘಟ್ಟಕ್ಕೇ ವಿಶಿಷ್ಟವಾದ ಮೀನಿನ ಜಾತಿಗಳೂ ಹೆಚ್ಚಾಗಿದ್ದುವೆಂದು ಅವರು ಕಂಡರು. ವಿಜ್ಞಾನಕ್ಕೆ ಹೊಸದಾದ ಜಾತಿಗಳೂ ಈ ಕಣಿವೆಯಲ್ಲಿ ದೊರೆತಿವೆ. ೨೦೦೬ರಲ್ಲಿ ವರ್ಣಿತವಾದ ಒಂದು ಮೀನಿಗೆ ನಾಗೋಡಿಯ ಹೆಸರನ್ನೇ ಇಟ್ಟಿದ್ದಾರೆ. ಹೆಸರಿಡುವ ಮುನ್ನವೇ ಅಳಿದುಹೋದವು ಬೇರೆ ಕಣಿವೆಗಳಲ್ಲಿ ಇದ್ದಿರಲಾರವೆಂದು ಹೇಳುವ ಧೈರ್ಯ ಯಾರಿಗೂ ಇರಲಾರದು.

೬. ಮೀನಿದೆ, ಯಾವ ಮೀನು?

ಇಲ್ಲಿ ಒಂದು ಆಕ್ಷೇಪವನ್ನು ಪರಿಶೀಲಿಸಬೇಕು. ಕಾಡು ಕಡಿದ ಎಷ್ಟೋ ಹೊಳೆಗಳಲ್ಲಿ ಇಂದಿಗೂ ಮೀನು ಹೇರಳವಾಗಿದೆಯಲ್ಲವೆ? ನಿಜ. ಬಿಸಿಲು ಬಿದ್ದ ತೊರೆಯಲ್ಲಿ ಪಾಚಿ ಬೆಳೆಯುತ್ತದೆ. ಎಲ್ಲವನ್ನೂ ತಿಂದು ಎಲ್ಲೆಡೆಯೂ ಬದುಕಬಲ್ಲ ಮೀನುಗಳು ಕೆಲಕಾಲ ಮೊದಲಿಗಿಂತ ಹೆಚ್ಚಾಗುವುದೂ ಉಂಟು. ಕಡಮೆಯಾಗುವುದು ಮೀನಿನ ಒಟ್ಟು ಸಂಖ್ಯೆಯಲ್ಲ, ವಿಶೇಷ ನೆಲೆ ಮತ್ತು ವಿಶೇಷ ಆಹಾರಗಳನ್ನು ನೆಚ್ಚಿಕೊಂಡ ಜಾತಿಗಳು. ಸಂತೆಯಲ್ಲಿ ಜನ ತುಂಬಿದ್ದಾರೆಂದ ಮಾತ್ರಕ್ಕೆ ಊರಿನ ಹಳೆಯ ಕಸಬುದಾರರೆಲ್ಲ ಉಳಿದಿದ್ದಾರೆಂದು ಹೇಳಲಾಗದಷ್ಟೆ.

ಎಲ್ಲ ನಷ್ಟಗಳಿಗೂ ನೆಲದ ಬಳಕೆಯೊಂದೇ ಕಾರಣವೆಂದು ಸಾಧಿಸುವುದು ಈ ಲೇಖನದ ಇಂಗಿತವಲ್ಲ. ಸಿಡಿಮದ್ದು ಮತ್ತು ವಿಷಗಳ ಹಾವಳಿ ಸುಳ್ಳಲ್ಲ. ಕಾವೇರಿಯ ಗೂನುಬೆನ್ನಿನ ಮಹಶೀರ್ ಮೀನಿನ ಶಾಸ್ತ್ರೀಯ ಗುರುತು ನಿಶ್ಚಿತವಾದುದು ೨೦೧೮ರಲ್ಲಿ. ಅದರ ಅವನತಿಗೆ, ಒಳ್ಳೆಯ ಉದ್ದೇಶದಿಂದಲೇ ಹೊರಗಿನಿಂದ ತಂದು ಬಿಟ್ಟ ಇನ್ನೊಂದು ಜಾತಿಯ ಮಹಶೀರ್ ಮೀನಿನ ಪೈಪೋಟಿಯೂ ಕಾರಣವೆಂದು ವಿದ್ವಾಂಸರು ಭಾವಿಸುತ್ತಾರೆ. ಆದರೆ ಬಲೆ, ವಿಷಗಳು ಕಣ್ಣಿಗೆ ಬೀಳುತ್ತವೆ. ಬೆಟ್ಟದಿಂದ ಇಳಿಯುವ ಹೂಳು ವರ್ಷವರ್ಷವೂ ಮೌನವಾಗಿ ಕೂಡುತ್ತದೆ. ಕಣ್ಣಿಗೆ ಬಿದ್ದುದಕ್ಕೆ ಕಾನೂನು ಹುಟ್ಟಿತು.

ಭಕ್ತಿಯ ವಿಷಯದಲ್ಲಿಯೂ ಹೀಗೆಯೇ. ಶೃಂಗೇರಿಯಲ್ಲಿ ತುಂಗೆಯ ಮೀನು, ಶಿಶಿಲದಲ್ಲಿ ಕಪಿಲೆಯ ಮೀನು, ರಾಮನಾಥಪುರದಲ್ಲಿ ಕಾವೇರಿಯ ಮೀನು ದೇವರ ಮೀನುಗಳಾಗಿ ರಕ್ಷಿತವಾಗಿವೆ. ಬೇಸಗೆಯ ಮಡುವಿನಲ್ಲಿ ದೊಡ್ಡ ಮೀನುಗಳಿಗೆ ಇಂಥ ಅಭಯವು ಅಮೂಲ್ಯವಾದುದು. ಜನಪದದ ಈ ವಿವೇಕವನ್ನು ಎಷ್ಟು ಕೊಂಡಾಡಿದರೂ ಸಲ್ಲುತ್ತದೆ. ಆದರೆ ಸೋಪಾನದ ಬಳಿ ಮಂಡಕ್ಕಿಗೆ ಮುತ್ತುವ ಮೀನು ಅಲ್ಲಿಯೇ ಹುಟ್ಟಿದುದಲ್ಲದಿರಬಹುದು. ಅದರ ಮೊಟ್ಟೆಗೆ ಮೇಲಣ ಹೊಳೆಯ ಶುದ್ಧವಾದ ಕಲ್ಲುಮರಳು ಬೇಕು. ಕಾನೂನು ಬಲೆಯನ್ನು ತಡೆಯಿತು, ಭಕ್ತಿ ಮಡುವನ್ನು ಕಾಯಿತು. ಇಳಿಜಾರಿನ ನೆಲವನ್ನು ಮೀನಿನ ಹೆಸರಿನಲ್ಲಿ ಕಾಯಲು ಯಾರೂ ನಿಲ್ಲಲಿಲ್ಲ.

೭. ಚರಿತ್ರೆಯ ವಿದ್ಯಾರ್ಥಿಯ ಪಾಲು

ಇದು ಪ್ರಾಣಿಶಾಸ್ತ್ರದ ವಿಷಯ, ಚರಿತ್ರೆಯ ವಿಭಾಗಕ್ಕೇಕೆ, ಎಂದು ಕೇಳುವವರುಂಟು. ಅಮೆರಿಕದ ಅಪಲೇಚಿಯನ್ ಬೆಟ್ಟಗಳ ತೊರೆಗಳನ್ನು ಕುರಿತು ೧೯೯೮ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿ ೧೯೯೦ರ ದಶಕದ ತೊರೆಗಳ ಜೀವವೈವಿಧ್ಯವನ್ನು ಅದೇ ಕಾಲದ ನೆಲದ ಬಳಕೆಗಿಂತ ೧೯೫೦ರ ದಶಕದ ನೆಲದ ಬಳಕೆಯೇ ಚೆನ್ನಾಗಿ ವಿವರಿಸಿತು. ಒಮ್ಮೆ ಉತ್ತ ನೆಲದಲ್ಲಿ ಮತ್ತೆ ಕಾಡು ಬೆಳೆದಿದ್ದರೂ ತೊರೆ ಹಳೆಯದನ್ನು ಮರೆತಿರಲಿಲ್ಲ. ಆ ದೇಶ ಉಷ್ಣವಲಯದ್ದಲ್ಲ. ಅಲ್ಲಿಯ ಅಂಕಿಗಳನ್ನು ಇಲ್ಲಿಗೆ ಹೊಂದಿಸಲಾಗದು. ಆದರೆ ಪ್ರಶ್ನೆಯನ್ನು ಇಲ್ಲಿಯೂ ಕೇಳಬಹುದು. ಇಂದು ಹಸುರಾಗಿ ಕಾಣುವ ಕೊಡಗಿನ ಹಳ್ಳವೊಂದು ೧೮೬೦ರ ದಶಕದ ಬಯಲು ತೋಟದ ಹೂಳನ್ನು ಇನ್ನೂ ಹೊತ್ತಿಲ್ಲವೆ?

ನಮ್ಮ ಹಿಂದಿನವರಲ್ಲಿ ಈ ಎರಡು ವಿದ್ಯೆಗಳು ಬೇರೆಬೇರೆಯಾಗಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದ ಮತ್ಸ್ಯವಿನೋದ ಪ್ರಕರಣದಲ್ಲಿ ಮೀನುಗಳನ್ನು ಅವುಗಳ ನೆಲೆಯನ್ನನುಸರಿಸಿ ವಿಂಗಡಿಸಿದನು. ೧೮೦೦-೧೮೦೧ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿ ಊರೂರಿನ ಬೆಳೆ, ತೋಟ, ಕಾಡುಗಳನ್ನು ಬರೆದಿಟ್ಟ ಫ್ರಾನ್ಸಿಸ್ ಬುಕಾನನ್, ಮುಂದೆ ೧೮೨೨ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದನು. ಅವನ ಪ್ರವಾಸಕಥನವನ್ನು ನಾವು ಓದುತ್ತೇವೆ. ಮೀನಿನ ಗ್ರಂಥವನ್ನು ಪ್ರಾಣಿಶಾಸ್ತ್ರದವರು ಓದುತ್ತಾರೆ. ಬರೆದ ಕೈ ಒಂದೇ.

ಆದುದರಿಂದ ಮಲೆನಾಡಿನ ಕಾಲೇಜುಗಳ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ಒಂದು ವಿಜ್ಞಾಪನೆ. ತಮ್ಮ ಊರಿನ ಒಂದು ಹಳ್ಳವನ್ನು, ಅದು ಹುಟ್ಟುವ ಒರತೆಯಿಂದ ದೊಡ್ಡ ಹೊಳೆಯನ್ನು ಸೇರುವ ತನಕ, ಆರಿಸಿಕೊಳ್ಳಲಿ. ಹಳೆಯ ಸರ್ವೆ ನಕ್ಷೆ, ಕಂದಾಯ ಬಂದೋಬಸ್ತಿನ ವರದಿ, ಅರಣ್ಯ ಇಲಾಖೆಯ ಕಾರ್ಯಯೋಜನೆ, ತೋಟಗಳ ಲೆಕ್ಕಪುಸ್ತಕ, ಹಿರಿಯರ ನೆನಪು, ಇವುಗಳಿಂದ ಅದರ ಎರಡು ಪಕ್ಕದ ನೆಲ ಯಾವ ವರ್ಷ ಏನಾಗಿದ್ದಿತೆಂಬುದನ್ನು ಕ್ರಮವಾಗಿ ಬರೆಯಲಿ. ಪ್ರಾಣಿಶಾಸ್ತ್ರ ವಿಭಾಗದವರು ಅದೇ ಹಳ್ಳದ ಮೀನುಗಳನ್ನು ಜಾತಿವಾರು ಎಣಿಸಲಿ, ಬೇಸಗೆಯಲ್ಲೊಮ್ಮೆ, ಮುಂಗಾರಿನಲ್ಲೊಮ್ಮೆ. ಎರಡು ಪಟ್ಟಿಗಳನ್ನೂ ಒಂದೇ ಮೇಜಿನ ಮೇಲೆ ಇಡಲಿ. ಹತ್ತುಮೀನು ಯಾವ ಹಳ್ಳಕ್ಕೆ ಏರುತ್ತಿದ್ದಿತು, ಯಾವ ವರ್ಷದಿಂದ ಏರಲಿಲ್ಲ ಎಂದು ಹೇಳಬಲ್ಲ ವೃದ್ಧರು ಪ್ರತಿ ಊರಿನಲ್ಲಿಯೂ ಇನ್ನೂ ಕೆಲವರಿದ್ದಾರೆ. ಕಡತಗಳು ಕಾದಾವು, ಅವರು ಹೆಚ್ಚು ಕಾಲ ಕಾಯಲಾರರು.